ಕೆಂಪು ರಟ್ಟಿನ ಪುಸ್ತಕದ ಕೊನೆಯ ಎರಡು ಹೆಸರು

ನಮ್ಮ ಕಂಪನಿಯ ದೊಡ್ಡವರನ್ನು ನಾನು ಒಂದು ವಿಷಯಕ್ಕೆ ಮೆಚ್ಚಲೇಬೇಕು. ತಮಗೆ ಗೊತ್ತಿಲ್ಲದ ಕೆಲಸದ ಬಗ್ಗೆ ಅವರಷ್ಟು ಧೈರ್ಯವಾಗಿ ಮಾತಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪುತ್ತೂರು ಕಡೆಯ ಸವಣೂರಿನಿಂದ ಸ್ವಲ್ಪ ಒಳಗೆ ಇರುವ ಗೇರುಬೀಜದ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್. ಸಿಪ್ಪೆ ಬಿಡಿಸುವ ಹಾಲ್ ನನ್ನ ಸುಪರ್ದಿನಲ್ಲಿದೆ. ಅಂದರೆ ಉದ್ದುದ್ದ ಮೇಜುಗಳ ಎರಡೂ ಬದಿ ಕೂತು, ಒಣಗಿದ ಬೀಜದ ಮೇಲಿನ ಕೆಂಪು ಸಿಪ್ಪೆಯನ್ನು ಬೆರಳಿನಿಂದ ಬಿಡಿಸುವ ಎಂಬತ್ತು ಹೆಂಗಸರು ನನ್ನ ಲೆಕ್ಕಕ್ಕೆ ಬರುತ್ತಾರೆ.

ಮೊದಲು ಈ ಫ್ಯಾಕ್ಟರಿ ಪುತ್ತೂರಿನ ಒಬ್ಬ ಧಣಿಯದ್ದು. ಅವರೇನು ದೇವರಲ್ಲ, ಬಾಯಿ ಬಿಟ್ಟರೆ ಬೈಗುಳ. ಆದರೆ ಗೋಣಿಯೊಳಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದು ಅಲ್ಲಾಡಿಸಿದರೆ, ಇದು ಇನ್ನೊಂದು ಬಿಸಿಲು ಕಾಣಬೇಕು ಎಂದು ಹೇಳಬಲ್ಲವರಾಗಿದ್ದರು. ಅವರಿಗೆ ವಯಸ್ಸಾಯಿತು, ಮಾರಿದರು. ಕೊಂಡ ಕಂಪನಿಗೆ ನಾಲ್ಕೈದು ರಾಜ್ಯಗಳಲ್ಲಿ ಫ್ಯಾಕ್ಟರಿಗಳಿವೆಯಂತೆ. ಅವರು ಬಂದ ಮೇಲೆ ಮೊದಲು ಗೋಡೆಗೆ ನಗುವ ಹುಡುಗಿಯ ಪೋಸ್ಟರ್ ಬಂತು, ಕೆಳಗೆ 'ನಾವೆಲ್ಲ ಒಂದೇ ಕುಟುಂಬ' ಎಂದು ಕನ್ನಡದಲ್ಲಿ ಎರಡು ತಪ್ಪಿನೊಂದಿಗೆ ಬರೆದಿತ್ತು. ಆಮೇಲೆ ಸಲಹಾ ಪೆಟ್ಟಿಗೆ ಬಂತು. ಅದಕ್ಕೆ ಬೀಗ ಉಂಟು, ಕೀಲಿಕೈ ಹೆಡ್ ಆಫೀಸಿನಲ್ಲಿ. ಹಾಲ್‌ನ ಮೂರು ಫ್ಯಾನ್ ತಿರುಗುವುದಿಲ್ಲ ಎಂದು ನಾನು ಬರೆದು ಹಾಕಿದ ಚೀಟಿ ಈಗಲೂ ಅದರೊಳಗೆ ಇದೆ.

ಧಣಿಯ ಕಾಲದ್ದರಲ್ಲಿ ಈ ಕಂಪನಿಯವರಿಗೆ ಇಷ್ಟವಾದದ್ದು ಒಂದೇ, ಕೆಂಪು ರಟ್ಟಿನ ಪುಸ್ತಕ. ಹಾಲ್‌ನಲ್ಲಿ ಯಾರಾದರೂ ಬೀಜ ತಿಂದರೆ ಅದರಲ್ಲಿ ಹೆಸರು, ಗಂಟೆ, ಸೂಪರ್‌ವೈಸರ್ ಸಹಿ. ಅವರು ಅಂದೇ ಮನೆಗೆ, ಮತ್ತೆ ಬರುವ ಹಾಗಿಲ್ಲ. ಇಡೀ ಬೀಜವಾದರೂ ಅಷ್ಟೆ, ತುಂಡಾದರೂ ಅಷ್ಟೆ. ಸಂಜೆ ಗೇಟಿನಲ್ಲಿ ಸೊಂಟ, ಸೆರಗು ತಡವಿ ನೋಡುತ್ತಾರೆ. ಹದಿನಾರು ವರ್ಷದಲ್ಲಿ ನಾನು ನಾಲ್ಕು ಹೆಸರು ಬರೆದಿದ್ದೇನೆ. ಅದರಲ್ಲಿ ಒಬ್ಬಳು ಆರು ತಿಂಗಳ ಬಸುರಿ, ಆಸೆ ತಡೆಯಲಾಗದೆ ಒಂದು ಬೀಜ ಬಾಯಿಗೆ ಹಾಕಿಕೊಂಡಿದ್ದಳು. ಅವಳ ಹೆಸರನ್ನೂ ಬರೆದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆ ಇದೆ.

ಮೂರನೆಯ ಮೇಜಿನ ತುದಿಯಲ್ಲಿ ಐವರ್ನಾಡಿನಿಂದ ಬರುವ ಒಬ್ಬ ಅಕ್ಕ ಕೂರುತ್ತಿದ್ದರು. ವಯಸ್ಸು ಐವತ್ತೈದರ ಮೇಲೆ. ಮನೆಯಲ್ಲಿ ಸುಳ್ಯ ಕಡೆಯ ಅರೆಭಾಷೆ, ನಮ್ಮ ಜೊತೆ ತುಳು, ನನಗೆ ಏನಾದರೂ ಗಂಭೀರವಾಗಿ ಹೇಳಬೇಕಿದ್ದರೆ ಕನ್ನಡ. ಇಡೀ ಹಾಲ್‌ನಲ್ಲಿ ಬೀಜ ತುಂಡಾಗದ ಹಾಗೆ ಸಿಪ್ಪೆ ಬಿಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹೆಬ್ಬೆರಳನ್ನು ಒಮ್ಮೆ ಹೊರಳಿಸಿದರೆ ಸಿಪ್ಪೆ ತಾನಾಗಿ ಎದ್ದು ಬರುತ್ತಿತ್ತು. ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ನನಗೆ ಗೊತ್ತಾದದ್ದೇ ತಡವಾಗಿ. ಶುಗರ್‌ನಿಂದ ಕಣ್ಣು ಹೋಗುತ್ತಾ ಬಂದು ಬೆಳಕು, ನೆರಳು ಮಾತ್ರ ಉಳಿದಿತ್ತು. ಅದೇ ಊರಿನ ಬ್ಯಾರಿ ಹೆಂಗಸೊಬ್ಬರು ಬಸ್ಸಿನಲ್ಲಿ ಕೈ ಹಿಡಿದು ಕರೆತಂದು, ಪಕ್ಕದಲ್ಲೇ ಕೂತು, ಇವರ ಟ್ರೇಯಿಂದ ಕಪ್ಪು ಚುಕ್ಕೆಯ ಬೀಜ ಆರಿಸಿ ತೆಗೆಯುತ್ತಿದ್ದರು. ಮೇಜಿನವರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಇಷ್ಟು ಕಷ್ಟಪಟ್ಟು ಬರುತ್ತೀರಿ ಎಂದು ನಾನು ಒಮ್ಮೆ ಕೇಳಿದೆ.

"ಮನೆಯಲ್ಲಿ ನಾನು ಕಣ್ಣು ಕಾಣದವಳು ತಂಗಿ. ನೀರಿನ ಗ್ಲಾಸು ಎಲ್ಲಿ ಉಂಟು ಅಂತ ಸೊಸೆ ಹೇಳಿಕೊಡ್ಬೇಕು. ಇಲ್ಲಿ ಬಂದು ಕೂತ್ರೆ ಹಾಗಿಲ್ಲ, ಇಲ್ಲಿ ನನಗೆ ಕೈ ಉಂಟು" ಎಂದರು. ನಾನೂ ಬಾಯಿ ಮುಚ್ಚಿಕೊಂಡೆ.

ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಹೆಡ್ ಆಫೀಸಿನಿಂದ ಮೇಲ್ ಬಂತು, ಇನ್ನು ಎಲ್ಲರಿಗೂ ಗ್ಲೌಸ್ ಕಡ್ಡಾಯ. ಸ್ವಚ್ಛತೆಗೆ ಯಾರೂ ಬೇಡ ಎನ್ನುವುದಿಲ್ಲ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಕೈ ತೊಳೆಸುವವಳು ನಾನು. ಆದರೆ ಬಂದದ್ದು ಗಂಡಸರ ಅಳತೆಯ, ದಪ್ಪ ನೀಲಿ ಗ್ಲೌಸ್. ನಮ್ಮ ಹೆಂಗಸರ ಬೆರಳಿನ ತುದಿಯಿಂದ ಮುಕ್ಕಾಲು ಇಂಚು ಮುಂದಕ್ಕೆ ನೇತಾಡುತ್ತಿತ್ತು. ಅದನ್ನು ಹಾಕಿಕೊಂಡು ಬೀಜ ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ, ಒತ್ತಿದರೆ ಎರಡು ಹೋಳು. ಒಂದು ವಾರದಲ್ಲಿ ಹಾಲ್ ತುಂಬ ತುಂಡುಬೀಜ. ಎಲ್ಲರಿಗಿಂತ ಹೆಚ್ಚು ತುಂಡು ಅಕ್ಕನ ಟ್ರೇಯಲ್ಲಿ. ಉಳಿದವರಿಗೆ ಕಣ್ಣಾದರೂ ಇತ್ತು, ಅಕ್ಕನಿಗೆ ಬೆರಳಲ್ಲಿ ಇದ್ದ ಕಣ್ಣನ್ನೇ ಕಂಪನಿ ರಬ್ಬರಿನಲ್ಲಿ ಸುತ್ತಿಟ್ಟಿತ್ತು.

ನಾನು ಮೇಲ್ ಬರೆದೆ. ಸಣ್ಣ ಅಳತೆಯ ತೆಳು ಗ್ಲೌಸ್ ಕಳಿಸಿ, ಇಲ್ಲವಾದರೆ ಎರಡು ಬೆರಳಿಗೆ ಮಾತ್ರ ಹಾಕುವ ರಬ್ಬರ್ ಟೊಪ್ಪಿಯಾದರೂ ಕಳಿಸಿ ಎಂದು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಕಂಪ್ಯೂಟರ್ ತಾನಾಗಿ ಉತ್ತರಿಸಿತು. ಇನ್ನೊಮ್ಮೆ ಬರೆದೆ, ಆಗಲೂ ಅಮೂಲ್ಯ. ಮೂರನೆಯ ಸಲ ಬರೆದಾಗ ಮನುಷ್ಯರೇ ಉತ್ತರ ಕೊಟ್ಟರು. ತೊಂದರೆ ಗ್ಲೌಸಿನದ್ದಲ್ಲ, ಕೆಲಸಗಾರರ ಮನೋಭಾವದ್ದು, ರೀಜನಲ್ ಮ್ಯಾನೇಜರ್ ಸ್ವತಃ ಬಂದು ಹುರಿದುಂಬಿಸುತ್ತಾರೆ ಎಂದಿತ್ತು.

ಬಂದರು. ಬೂಟಿನ ಮೇಲೆ ಪ್ಲಾಸ್ಟಿಕ್ ಹಾಕಲು ಮರೆತು ಬಂದರು. ಹಾಲ್‌ನ ನಡುವೆ ನಿಂತು ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು, ನಾನು ಅನುವಾದ ಮಾಡಬೇಕು. ಮನಸ್ಸಿದ್ದರೆ ಕೈ ತಾನಾಗಿ ಕಲಿಯುತ್ತದೆ ಎಂದರು. ಇದನ್ನು ಎಂಬತ್ತು ಜೋಡಿ ಕೈಗಳ ಎದುರು ಹೇಳಲು ಅವರಿಗೆ ಚೂರೂ ಸಂಕೋಚವಾಗಲಿಲ್ಲ. ನಂತರ ಎಲ್ಲರಿಗಿಂತ ಹಿಂದೆ ಇರುವವರು ಯಾರು ಎನ್ನುತ್ತಾ, ಕೈಯಲ್ಲಿದ್ದ ಟ್ಯಾಬಿನಲ್ಲಿ ಮೇಜಿನ ನಂಬರ್ ನೋಡಿ ಸೀದಾ ಅಕ್ಕನ ಮುಂದೆ ಹೋಗಿ ನಿಂತರು.

ನನಗೆ ಸಿಟ್ಟು ನೆತ್ತಿಗೇರಿತು. ಸರ್, ಗ್ಲೌಸ್ ಹಾಕಿಕೊಂಡು ಹೇಗೆ ಬಿಡಿಸುವುದೆಂದು ನೀವೇ ಒಂದು ತೋರಿಸಿದರೆ ಇವರಿಗೆ ಅನುಕೂಲ ಎಂದೆ. ಅವರಿಗೆ ಅದರಲ್ಲಿ ಕುಹಕವೇನೂ ಕಾಣಲಿಲ್ಲ. ಖುಷಿಯಿಂದ ಗ್ಲೌಸ್ ಹಾಕಿ ಒಂದು ಬೀಜ ಹಿಡಿದರು, ಹೋಳಾಯಿತು. ಇನ್ನೊಂದು ಹಿಡಿದರು, ಪುಡಿಯಾಯಿತು. ಮೂರನೆಯದಕ್ಕೆ ಗ್ಲೌಸ್ ತೆಗೆದು ಬರಿಗೈಯಲ್ಲಿ ಕೆರೆದರು, ಅದೂ ಎರಡಾಯಿತು. ನಕ್ಕರು. ನಕ್ಕು, ಆ ಹೋಳುಗಳನ್ನು ಬಾಯಿಗೆ ಹಾಕಿಕೊಂಡು ಜಗಿದರು.

ಮೇಜಿನ ಮೇಲೆ ಓಡಾಡುತ್ತಿದ್ದ ಕೈಗಳೆಲ್ಲ ನಿಂತವು. ಇಡೀ ದಿನ ಬೀಜದ ನಡುವೆಯೇ ಕೂರುವ ಆ ಜಾಗದಲ್ಲಿ ಯಾರೂ ಎಂದೂ ಕೇಳಿಸಿಕೊಳ್ಳಬಾರದ ಸದ್ದು ಅದು. ಅಕ್ಕ ತಲೆ ಎತ್ತಿ, ಸದ್ದು ಬಂದ ಕಡೆ ಮುಖ ಮಾಡಿದರು.

"ಯಾರು ತಿಂದದ್ದು?"

ಆಕೆ ಏನೆಂದರು ಎಂದು ಮ್ಯಾನೇಜರ್ ಕೇಳಿದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಇನ್ನೊಂದು ತುಂಡು ತೆಗೆದುಕೊಂಡು, ಬೀಜ ಬಹಳ ರುಚಿ ಇದೆ ಎಂದು ಆಕೆಗೆ ತಿಳಿಸಿ ಎಂದರು.

ಅವರ ಕಾರು ಗೇಟು ದಾಟಿದ ಮೇಲೆ ನಾನು ಕೆಂಪು ಪುಸ್ತಕ ಇಳಿಸಿ ಅವರ ಹೆಸರು, ಗಂಟೆ ಬರೆದು ಸಹಿ ಹಾಕಿದೆ. ಆ ಪುಟದ ಫೋಟೋ ತೆಗೆದು ಕಂಪನಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಆವತ್ತು ನನ್ನ ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ. ಸಂಜೆಯೊಳಗೆ ಏಳು ಜನ ಅದಕ್ಕೆ ಮೆಚ್ಚುಗೆಯ ಹೆಬ್ಬೆರಳಿನ ಚಿತ್ರ ಒತ್ತಿದರು, ಅದರಲ್ಲಿ ಮ್ಯಾನೇಜರರೂ ಒಬ್ಬರು. ನಾವು ಬರೆದದ್ದನ್ನು ಓದುವ ಅಭ್ಯಾಸ ಇವರಿಗೆ ಇಲ್ಲ ಎಂಬುದನ್ನು ನಾನು ಮರೆತಿದ್ದೆ.

ಎರಡು ವಾರದ ನಂತರ ಪಟ್ಟಿ ಬಂತು. ಆರು ಜನರನ್ನು ತೆಗೆಯಬೇಕು, ಮೊದಲ ಹೆಸರು ಅಕ್ಕನದ್ದು. ಜೊತೆಗೆ ಒಂದು ಫಾರಂ, ಕಾರಣದ ಜಾಗದಲ್ಲಿ ಮೊದಲೇ ಅಚ್ಚಾಗಿರುವ ಮೂರು ಸಾಲು: ಕೆಲಸದ ಕೌಶಲ್ಯ ಇಲ್ಲ, ಅಶಿಸ್ತು, ಬೀಜ ತಿಂದದ್ದು. ಮೊದಲನೆಯದಕ್ಕೆ ಗುರುತು ಹಾಕಿ ಎಂದು ನನಗೆ ಆದೇಶ.

ಮಧ್ಯಾಹ್ನದ ಚಾ ಹೊತ್ತಿನಲ್ಲಿ ಅಕ್ಕನನ್ನು ಹೊರಗೆ ಕರೆದು ವಿಷಯ ಹೇಳಿದೆ. ಕಾರಣ ಎಂತ ಬರೆಯುದು ಎಂದು ಕೇಳಿದರು. ಓದಿ ಹೇಳಿದೆ, ಮೂರನ್ನೂ. ಅವರು ಒಳಗೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಗ್ಲೌಸ್ ಕಳಚಿ, ಮಡಚಿ, ಮೇಜಿನ ಅಂಚಿಗೆ ಇಟ್ಟರು. ಟ್ರೇಯಲ್ಲಿ ತಡಕಾಡಿ ಸಿಪ್ಪೆ ಇರುವ ಒಂದು ಬೀಜ ಹುಡುಕಿ ತೆಗೆದು ಹೆಬ್ಬೆರಳು ಹೊರಳಿಸಿದರು. ನಾನು ನಿಂತ ಕಡೆಗೆ ಅದನ್ನು ಎತ್ತಿ ಹಿಡಿದು, ತುಂಡಾಗಿದೆಯಾ ನೋಡು ಎಂದರು. ಇಲ್ಲ, ಇಡೀ ಉಂಟು ಎಂದೆ. ಎಲ್ಲಿಯೂ ಉಗುರಿನ ಗುರುತು ಕೂಡ ಇರಲಿಲ್ಲ.

ಅದನ್ನು ಬಾಯಿಗೆ ಹಾಕಿಕೊಂಡು ಎಲ್ಲರಿಗೂ ಕೇಳುವ ಹಾಗೆ ನಿಧಾನವಾಗಿ ಜಗಿದರು. ಇಪ್ಪತ್ತೇಳು ವರ್ಷ ಆ ಮೇಜಿನಲ್ಲಿ ಕೂತು ಒಂದು ತುಂಡನ್ನೂ ಬಾಯಿಗೆ ಹಾಕದವರು.

"ಕೈ ಹೋಯ್ತು ಅಂತ ಬರೆಯುದು ಬೇಡ ತಂಗಿ. ಬೀಜ ತಿಂದಳು ಅಂತ ಬರಿ."

ಫಾರಂನಲ್ಲಿ ಮೂರನೆಯ ಸಾಲಿಗೆ ಗುರುತು ಹಾಕಿದೆ. ಕೆಂಪು ಪುಸ್ತಕ ಇಳಿಸಿ, ಮ್ಯಾನೇಜರರ ಹೆಸರಿನ ಕೆಳಗಿನ ಗೆರೆಯಲ್ಲಿ ಅಕ್ಕನ ಹೆಸರು ಬರೆದು, ಗಂಟೆ ಹಾಕಿ, ಸಹಿ ಮಾಡಿದೆ. ಆ ಎರಡು ಹೆಸರಿನಲ್ಲಿ ಮನೆಗೆ ಹೋದವರು ಒಬ್ಬರೇ.