ಒಂದೇ ನಂಬರಿನ ನಾಲ್ಕು ಸಾವಿರ ರೋಗಿಗಳು

ಬೆಳಿಗ್ಗೆ ಆರೂವರೆ. ಮಿರಜಿನ ಆಸ್ಪತ್ರೆಯೊಂದರಲ್ಲಿ ಹಳೆಯ ರೋಗಿಗಳ ಖಿಡಕಿಯ ಮುಂದಿನ ಸಾಲು ಆಗಲೇ ಗೇಟು ಮುಟ್ಟಿದೆ. ಬುಧಗಾಂವದಿಂದ ಮೊದಲ ಬಸ್ಸಿಗೆ ಬಂದ, ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಮನಿಷಾ ಚಹಾ ಕೂಡ ಮುಟ್ಟಿಲ್ಲ. ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ದಾಖಲೆ ಹುಡುಕಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಾರೆ. ಎರಡು, ಎರಡು, ಐವತ್ತೊಂದು!

ಹದಿನೈದು ದಿನಗಳ ಹಿಂದೆ ಆಸ್ಪತ್ರೆ ಹಳೆಯ ಡೇಟಾಬೇಸ್ ಬಿಟ್ಟು ಬೇರೆಯದಕ್ಕೆ ಹೋಯಿತು. ದಾಖಲೆಗಳೆಲ್ಲ ಬಂದವು, ಹುಡುಕಿದರೆ ಮಾತ್ರ ಬೇಗ ಸಿಗವು. ಪುಣೆಯ ತಂತ್ರಜ್ಞರು ಅಲ್ಲಿಂದಲೇ ಇಣುಕಿ, ಎಲ್ಲ ಸರಿಯಿದೆ ಎಂದು ಕೈತೊಳೆದುಕೊಂಡರು. ನಾಳೆಯೊಳಗೆ ಸರಿಹೋಗದಿದ್ದರೆ ಹಳೆಯದನ್ನು ಬಿಟ್ಟು ಎಲ್ಲರಿಗೂ ಹೊಸ ಕೇಸ್‌ಪೇಪರ್, ಅಂದರೆ ಹೊಸ ದಾಖಲೆ, ಮಾಡಿ ಎಂದು ಕಚೇರಿಯ ಅಪ್ಪಣೆ.

ಮನಿಷಾ ಒಪ್ಪಿಲ್ಲ. "ಹಳೇದು ಸಿಗಲಿಲ್ಲಂದ್ರ ಯಾರಿಗೆ ಯಾವ ಔಷಧ ಆಗಂಗಿಲ್ಲ ಅಂತ ಡಾಕ್ಟರಿಗೆ ಹೆಂಗ ತಿಳೀಬೇಕ್ರಿ? ನಾ ಬಿಡಾಕಿ ಅಲ್ಲ."

ತಾಯಿ ಕಾಡವ್ವ ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಕೂಲಿ. ಮನಿಷಾ ಓದಿದ್ದು ಮರಾಠಿಯಲ್ಲಿ, ಕನ್ನಡ ಅವ್ವನಿಂದ ಬಂದದ್ದು. ಇವತ್ತು ಉಪಯೋಗಕ್ಕೆ ಬಂದದ್ದು ಆ ಕನ್ನಡವೇ ನೋಡಿ.

ವಹಿ ತಿರುವುತ್ತಿದ್ದವರು ಥಟ್ಟನೆ ನಿಲ್ಲುತ್ತಾರೆ. ದಾಖಲೆ ಸಿಗಲು ತಡವಾದವರಲ್ಲಿ ಬಹಳಷ್ಟು ಮಂದಿಯ ಫೋನ್ ನಂಬರು ಒಂದೇ! ಎದ್ದು ಹೊರಗೆ ಬಂದು, ಸಾಲಿನಲ್ಲಿದ್ದ, ಅದೇ ನಂಬರು ಕೊಟ್ಟ ಅಥಣಿ ಕಡೆಯ ಅಂಜನಾಬಾಯಿಯನ್ನು ಕೇಳುತ್ತಾರೆ: "ಮಾವಶಿ, ಈ ನಂಬರ್ ಯಾರದ್ರಿ?"

"ಗಾಡಿ ಭೂಪಾಲಂದವ್ವಾ. ನಮ್ಮನ್ನ ಇಲ್ಲಿಗೆ ಕರ್ಕೊಂಡ ಬರಾಂವ ಅವನ. ನಮಗೆಲ್ಲಿ ಫೋನು? ಸುತ್ತಿನ ಹಳ್ಳ್ಯಾರೆಲ್ಲಾ ಅವಂದ ಬರಸ್ತೀವಿ."

ಭೂಪಾಲನ ನಂಬರಿನಡಿ ನಾಲ್ಕು ಸಾವಿರ ರೋಗಿಗಳಿದ್ದಾರೆ. ಹಳೆಯ ವ್ಯವಸ್ಥೆ ಮೊದಲು ಹೆಸರು ನೋಡುತ್ತಿತ್ತು. ಒಂದು ನಂಬರಿಗೆ ಒಬ್ಬಿಬ್ಬರೇ ಎಂದು ನಂಬಿದ ಹೊಸದು, ಮೊದಲು ನಂಬರು ಹಿಡಿದು, ನಾಲ್ಕು ಸಾವಿರ ಜನರ ವರದಿಗಳನ್ನೆಲ್ಲ ಹೊರಗೆಳೆದು, ಆಮೇಲೆ ಹೆಸರು ಹುಡುಕುತ್ತಿದೆ. ಪುಣೆಯವರಿಗೆ ಭೂಪಾಲ ಎಲ್ಲಿ ಗೊತ್ತಾಗಬೇಕು, ಪಾಪ!

ಮನಿಷಾ ಪುಣೆಗೆ ಫೋನು ಹಚ್ಚಿ, ಜಗಳಾಡಿಯೇ ಒಪ್ಪಿಗೆ ಪಡೆಯುತ್ತಾರೆ. ನಂಬರು, ಹೆಸರು ಎರಡನ್ನೂ ಜೋಡಿಸಿ ಹೊಸ ಇಂಡೆಕ್ಸ್, ಅಂದರೆ ಬೇಗ ಹುಡುಕುವ ಸೂಚಿ, ಕಟ್ಟುತ್ತಾರೆ. ಅಂಜನಾಬಾಯಿಯ ಹೆಸರು ಒತ್ತಿದರೆ ಒಂದು ಸೆಕೆಂಡೂ ಇಲ್ಲ, ಹಳೆಯ ಕಾಗದ ಪರದೆಯ ಮೇಲಿದೆ. ಇದನ್ನು ಬರೆಯಲೆಂದು ಬಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೇ ಚಪ್ಪಾಳೆ ತಟ್ಟುವಷ್ಟು ಖುಷಿ.

ಆ ಕಾಗದದಲ್ಲಿ ಒಂದು ಸಾಲು: ಇಂಥ ಇಂಜೆಕ್ಷನ್ ಕೊಟ್ಟಾಗ ಉಸಿರು ಕಟ್ಟಿತ್ತು. ಇವತ್ತು ಡಾಕ್ಟರು ಬರೆಯಲಿದ್ದದ್ದು ಅದನ್ನೇ. ಓದಿ, ಬೇರೆಯದು ಬರೆದುಕೊಟ್ಟರು.

ಅಂಜನಾಬಾಯಿಗೆ ಇದನ್ನು ಹೇಳಿದಿರಾ ಎಂದು ಮನಿಷಾರನ್ನು ಕೇಳುತ್ತೇನೆ.

"ಯಾಕ ಹೇಳೂದ್ರಿ, ಸುಮ್ನ ಅಂಜತಾರ. ತಮ್ಮ ಕಾಲಿಂದ ನಡಕೋತ ಗಾಡಿ ಹತ್ತಿದ್ರು. ನಾ ನೋಡೇನಿ, ಸಾಕು."