ರಾಚಮ್ಮ ಪಿಸುಗುಟ್ಟಿದ ಅಂಕಿ

ರಾಚಮ್ಮನಿಗೆ ಸಹಾಯ ಮಾಡುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಅಂಥವರು ಇಬ್ಬರು ಗೆಳತಿಯರು: ನಾನು ಮತ್ತು ಡೇರಿಗೆ ಹಾಲು ಹಾಕುವ ರೋಜಾ.

ತಿ. ನರಸೀಪುರದಿಂದ ಸೋಸಲೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿನ ಹಾಲಿನ ಡೇರಿಯಲ್ಲಿ ರಾಚಮ್ಮ ಹನ್ನೊಂದು ವರ್ಷದಿಂದ ಸಹಾಯಕಿ. ಹಾಲಿನಲ್ಲಿ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಕಡ್ಡಿ ತೇಲಿಬಿಟ್ಟು, ಅಂಕಿ ನೋಡಿ, ಹಾಲಿನ ಶಾಖಕ್ಕೆ ತಕ್ಕಂತೆ ಅದನ್ನು ಮನಸ್ಸಿನಲ್ಲೇ ತಿದ್ದುತ್ತಾಳೆ. ಬಿಎಸ್ಸಿ ಓದಿ ನಂಜನಗೂಡಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ಆ ಲೆಕ್ಕಕ್ಕೆ ಪೆನ್ನು ಹುಡುಕುತ್ತೇನೆ. ಆದರೆ ಅಂಕಿಯನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಎಡಕ್ಕೆ ನಿಂತ ಪರೀಕ್ಷಕ ಚಾಮಯ್ಯನವರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು, ಅವರು ಕೂಗುತ್ತಿದ್ದರು. ಅಂಕಿ ಇಪ್ಪತ್ತಾರಕ್ಕಿಂತ ಇಳಿದರೆ ನೀರು ಬೆರೆತಿದೆ ಎಂದರ್ಥ; ಹಾಗೆಂದಾಗ ಬೈಗುಳವೂ ಅವರಿಗೇ.

ಈ ಮಾರ್ಚ್‌ನಲ್ಲಿ ಚಾಮಯ್ಯ ನಿವೃತ್ತರಾದರು. ಆ ಜಾಗಕ್ಕೆ ಅರ್ಜಿ ಹಾಕು ಎಂದು ಮೂರು ವಾರ ಅವಳ ಬೆನ್ನು ಬಿದ್ದೆವು. ಫೋಟೋ ಇಲ್ಲ ಎಂದಳು. ತೆಗೆಸಿದೆವು. ಫೋಟೋ ಚೆನ್ನಾಗಿ ಬಂದಿಲ್ಲ ಎಂದಳು. ಕೊನೆಗೆ ಅರ್ಜಿಗೆ ಸಹಿ ಹಾಕಿಸಿಕೊಂಡು ರೋಜಾಳೇ ಕೊಟ್ಟು ಬಂದಳು.

ಪರೀಕ್ಷೆಗೆ ಬಂದವರು ಇಬ್ಬರೇ, ರಾಚಮ್ಮ ಮತ್ತು ಡಿಪ್ಲೊಮಾ ಮುಗಿಸಿದ್ದ ಜಗನ್. ಡೇರಿ ಅಧ್ಯಕ್ಷ ಗುರುಪ್ರಸಾದ್ ಹಾಲಿನ ಜಾರು ಮುಂದಿಟ್ಟು "ಎಷ್ಟು?" ಎಂದರು. ಜಗನ್ ನಿಂತಿದ್ದದ್ದು ಚಾಮಯ್ಯನವರ ಜಾಗದಲ್ಲಿ. ರಾಚಮ್ಮ ಬಗ್ಗಿದಳು, ನೋಡಿದಳು, ಎಡಕ್ಕೆ ತಿರುಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

"ಇಪ್ಪತ್ತೆಂಟು ಸಾ!" ಎಂದ ಜಗನ್.

ಹೊರಗೆ ಬಂದ ಮೇಲೆ ರೋಜಾ ತಲೆ ಚಚ್ಚಿಕೊಂಡಳು. "ಅವನ ಕಿವೀಗ್ ಯಾಕಮ್ಮಿ ಏಳ್ದೆ?"

"ಅಭ್ಯಾಸ ಕಣಮ್ಮಿ. ಕಿವಿ ಅಲ್ಲೇ ಇತ್ತು."

ನಾನು ಅಧ್ಯಕ್ಷರಿಗೆ ನಡೆದದ್ದನ್ನು ತಿಳಿಸಿದೆ. ಅವರು ನಕ್ಕು, ಸೋಮವಾರ ಇನ್ನೊಮ್ಮೆ ಒಬ್ಬೊಬ್ಬರನ್ನೇ ನೋಡುತ್ತೇನೆ, ಸಾಲಿನಲ್ಲಿ ಮೊದಲು ಬಂದ ಹಾಲಿನಲ್ಲೇ, ಎಂದರು.

ಉಳಿದದ್ದು ಐದು ದಿನ. ನಾಲೆಯ ಈ ದಡದಲ್ಲಿ ನಾವಿಬ್ಬರು, ಆ ದಡದಲ್ಲಿ ಅವಳು. ಅಗಲ ಆರು ಮೀಟರ್, ಅಳೆದಿದ್ದೆ. ಅಲ್ಲಿಂದ ಅಂಕಿ ಕೂಗಬೇಕು. ಮೊದಲ ದಿನ ಅವಳು ಸೇತುವೆ ದಾಟಿ ಬಂದು ನನ್ನ ಕಿವಿಯಲ್ಲಿ ಹೇಳಿದಳು.

"ಯಾರಾರ ಜಗಳಕ್ ಬಂದ್ರೆ?" ಎಂದಳು.

"ನಾನಿವ್ನಿ ಕಣಮ್ಮಿ, ಯಾವಳ್ ಬತ್ತಾಳೋ ನೋಡ್ತೀನಿ," ಎಂದಳು ರೋಜಾ. "ಓಗು, ಆ ಕಡೆ ನಿಂತ್ಕ!"

ನಾಲ್ಕನೇ ದಿನ ಅವಳ ದನಿಗೆ ಮೇಯುತ್ತಿದ್ದ ಎಮ್ಮೆಯೊಂದು ತಲೆ ಎತ್ತಿತು. ಅದನ್ನೇ ಪ್ರಗತಿ ಎಂದುಕೊಂಡೆವು.

ಸೋಮವಾರ ಗೆಳತಿಗೆ ಧೈರ್ಯವಾಗಲಿ ಎಂದು ರೋಜಾಳೇ ಐದು ಲೀಟರ್ ಕ್ಯಾನ್ ಹಿಡಿದು ಸಾಲಿನ ಮೊದಲಿಗೆ ನಿಂತಳು. ಜಗನ್ ಒಳಗೆ ಹೋಗಿ ಉತ್ತರ ಹೇಳಿ ಬಂದ. ಆಮೇಲೆ ರಾಚಮ್ಮ ಒಳಗೆ ಹೋಗಿ ಬಗ್ಗಿದಳು; ನಾನೂ ರೋಜಾಳೂ ಕಿಟಕಿಗೆ ಅಂಟಿ ನಿಂತಿದ್ದೆವು. ಕಡ್ಡಿಯಲ್ಲಿ ಇಪ್ಪತ್ತಮೂರು, ಶಾಖ ಮೂವತ್ತೆರಡು. ಅಂಗೈ ಮೇಲೆ ಲೆಕ್ಕ ಹಾಕಿ ನಾನು ಬೆಚ್ಚಿದೆ. ರಾಚಮ್ಮ ಎಡಕ್ಕೆ ತಿರುಗಿದಳು. ಯಾರೂ ಇರಲಿಲ್ಲ. ರೋಜಾಳತ್ತ ನೋಡಿದಳು. ರೋಜಾ ಗೋಡೆ ನೋಡುತ್ತಿದ್ದಳು.

"ಇಪ್ಪತ್ನಾಕು," ಎಂದಳು, ತನಗೇ ಕೇಳುವಷ್ಟು.

"ಏನಂದೆ?" ಎಂದರು ಅಧ್ಯಕ್ಷರು.

"ಇಪ್ಪತ್ನಾಕು! ನೀರದೆ ಸಾ! ತಕ್ಕೊಳಂಗಿಲ್ಲ!"

ಬಸ್‌ಸ್ಟಾಪಿನಲ್ಲಿದ್ದವರೂ ತಿರುಗಿದರು.

"ಕ್ಯಾನ್ ತೊಳ್ದ ನೀರು ಉಳ್ಕಂಡಿತ್ತು ಕಣಮ್ಮಿ..." ಎಂದಳು ರೋಜಾ.

"ಮುಕ್ಕಾಲ್ ಲೀಟ್ರು ಉಳ್ಕತದಾ?" ರಾಚಮ್ಮ ದನಿ ಇಳಿಸಲೇ ಇಲ್ಲ. ಸಾಲೆಲ್ಲ ನಕ್ಕಿತು.

ಜಗನ್ ಇಪ್ಪತ್ತಮೂರು ಎಂದಿದ್ದ, ಶಾಖ ಮರೆತಿದ್ದ. ಕೆಲಸ ರಾಚಮ್ಮನದಾಯಿತು.

ಸಂಜೆ ರೋಜಾ ನನ್ನ ಮನೆಗೆ ಬಂದು, "ಅವಳ್ಗೆ ಕೂಗೋದ್ ಕಲ್ಸು ಅಂತ ನಿಂಗ್ ಏಳ್ದೋರ್ಯಾರೇ ಲ್ಯಾಬಮ್ಮ?" ಎಂದಳು.

"ನೀನೇ."

ಮರುದಿನ ಬೆಳಗ್ಗೆಯೂ ಸಾಲಿನ ಮೊದಲಿಗೆ ಅವಳೇ ಇದ್ದಳು. ಹಾಲು ಇಪ್ಪತ್ತೊಂಬತ್ತು ತೋರಿಸಿತು. ರಾಚಮ್ಮ ಅದನ್ನೂ ಅಷ್ಟೇ ಜೋರಾಗಿ ಕೂಗಿದಳು.