ಮೊದಲ ತುತ್ತು ಹುಳಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಬ್ಲಿಗೊಳದ ಕಾಲುವೆ ಪಕ್ಕದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ ಸೊಪ್ಪು ಮಾರುವ ಹುಲಿಯಮ್ಮ ಚಗಟೆ ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಾರೆ. ಬುಟ್ಟಿ ಖಾಲಿ. ಎಲೆಗಳಲ್ಲಿ ತೂತುಗಳೇನೋ ಇವೆ; ಅವರಿಗೆ ಅಷ್ಟು ಸಾಲದು.

"ತೂತು ಮೊನ್ನೇದಿರಬಹುದ್ರೀ. ಹುಳ ಇವತ್ತು ಜೀವಂತ ಇರಬೇಕು," ಎನ್ನುತ್ತಾರೆ, ಜೊತೆಗೆ ಹೋದ ನಮಗೆ.

ಮುಂಗಾರು ಬಿದ್ದರೆ ಸಾಕು, ಶಿಕಾರಿಪುರದ ಸುತ್ತ ಚಗಟೆ ಕರೆಯದೆ ಬರುವ ನೆಂಟ. ಎಳೆ ಕುಡಿ ಪಲ್ಯಕ್ಕಾಗುತ್ತದೆ, ಬೇಳೆ ಹಾಕಿದರೆ ಸಾರಿಗೂ ಸೈ. ಅದೇ ಕುಡಿಯಲ್ಲಿ ಹಳದಿ ಪಾತರಗಿತ್ತಿ ಮೊಟ್ಟೆ ಇಡುತ್ತದೆ. ಮರಿಹುಳ ಎಲೆ ಮೇಯುತ್ತದೆ, ಅದನ್ನು ಪಿಕಳಾರ ಹಕ್ಕಿ ತನ್ನ ಮರಿಗಳಿಗೆ ಒಯ್ಯುತ್ತದೆ. ಇವರೆಲ್ಲರ ನಂತರ ಹುಲಿಯಮ್ಮನ ಸರದಿ. ಸೊರಬ ಸೀಮೆಯ ಕುಬಟೂರು ಅವರ ತವರು. ಹುಳ ಮುಟ್ಟದ ಸೊಪ್ಪನ್ನು ಮನುಷ್ಯರಿಗೆ ಮಾರಬೇಡ ಎಂದು ತಾಯಿ ಹೇಳಿಕೊಟ್ಟಿದ್ದರಂತೆ.

ಈಗ ಆ ಮಾತೇ ಅವರ ಅನ್ನ ಕಾಯುತ್ತಿದೆ. ಹೋದ ವಾರ ಪಕ್ಕದ ಬದುವಿನಲ್ಲಿ ಬುಟ್ಟಿ ತುಂಬಿದ ಮೇಲೆ ನೋಡಿದರೆ, ಹುಳಗಳು ಸತ್ತು ಎಲೆಗೇ ಅಂಟಿದ್ದವು. ಪಕ್ಕದ ಹೊಲದ ವೀರಬಸಪ್ಪನವರು ಮೆಕ್ಕೆಜೋಳದ ಸೈನಿಕ ಹುಳಕ್ಕೆ ಹೊಡೆಸಿದ ಔಷಧಿ ಗಾಳಿಗೆ ಅಲ್ಲಿಗೂ ಬಿದ್ದಿತ್ತು. ಹುಲಿಯಮ್ಮ ಅಷ್ಟನ್ನೂ ಗುಂಡಿಗೆ ಸುರಿದು ಮುಚ್ಚಿದರು. ಸಂತೆಗೆ ಹೋಗಲಿಲ್ಲ, ನೇರ ವೀರಬಸಪ್ಪನವರ ಮನೆ ಬಾಗಿಲಿಗೆ ಹೋದರು.

"ಏನಬೇ, ನಾನು ಹುಳ ಸಾಯ್ಲಿ ಅಂತ ಔಷಧಿ ಹೊಡೀತೀನಿ, ನೀನು ಹುಳ ಉಳಿಸು ಅಂತೀಯಲ್ಲ!"

"ನಿಮ್ಮ ಜೋಳದ ಹುಳ ನೀವು ಕೊಲ್ರೀ ಯಜಮಾನ್ರೇ. ಕಾಲುವೆ ಬದುವಿನ ಹುಳ ನನಗ ಬಿಡ್ರಿ. ಹಾಲಮ್ನೋರು ನಿಮಗ ಮಾಡಿ ಬಡಿಸಾದೂ ಇದೇ ಸೊಪ್ಪು."

ಒಳಗಿದ್ದ ಹೆಂಡತಿ ಹಾಲಮ್ಮ ಜೋರಾಗಿ ನಕ್ಕರು. ಕಾಲುವೆ ಕಡೆಯ ಸಾಲುಗಳಿಗೆ ಹೊಡೆಸುವುದಿಲ್ಲ ಎಂದು ವೀರಬಸಪ್ಪ ಒಪ್ಪಿದರು. ನಿನ್ನೆ ಜೋಳಕ್ಕೆ ಮತ್ತೆ ಔಷಧಿ ಹೊಡೆಸಿದ್ದಾರೆ. ಅವರು ಮಾತು ಉಳಿಸಿಕೊಂಡರೋ ಇಲ್ಲವೋ, ಎಲೆಯೇ ಹೇಳಬೇಕು. ಈ ಬದುವೂ ಹೋದರೆ ಹುಲಿಯಮ್ಮನಿಗೆ ಹತ್ತಿರದಲ್ಲಿ ಬೇರೆ ಜಾಗವಿಲ್ಲ.

ಮತ್ತೊಂದು ಎಲೆ ಮಗುಚುತ್ತಾರೆ. ಎಲೆಯ ನರದಂತೆಯೇ ಕಾಣುವ ಹಸಿರು ಹುಳವೊಂದು ತಲೆ ಎತ್ತುತ್ತದೆ.

"ಬದುಕೈತಿ ನೋಡ್ರೀ!"

ಆ ಗಿಡವನ್ನು ಹಾಗೇ ಬಿಟ್ಟು, ಪಕ್ಕದ ಕುಡಿಗೆ ಕೈ ಹಾಕುತ್ತಾರೆ.

ಬಿಸಿಲೇರುವ ಹೊತ್ತಿಗೆ ಶಿಕಾರಿಪುರದ ಸಂತೆ. ಕಾಯಂ ಗಿರಾಕಿ ಖುರ್ಷೀದ್ ಬೀ ಕಟ್ಟು ಎತ್ತಿ, ಎಲೆಯ ತೂತಿನೊಳಗಿಂದಲೇ ಹುಲಿಯಮ್ಮನನ್ನು ನೋಡುತ್ತಾರೆ.

"ಇವತ್ತೂ ಹುಳದ ಎಂಜಲೇ ತಂದ್ಯಾ?"

"ಹೌದಮ್ಮಾ. ಅದು ಉಂಡು ಬದುಕೈತಿ, ಅದಕ್ಕೇ ತಂದೀನಿ."